ಮುಯ್ಯಾಳು ತೀರಿಸದ ನಂಟು

ಬರೆಯದೆ ತುಂಬಾ ದಿನಗಳಾದವು. ಆಫೀಸು, ರಿಲೀಸು, ಸೋಮಾರಿತನ... ನೆಪಗಳು ನಿಮಗೆ ಗೊತ್ತಿರುವಂಥವೇ :-) ಆದರೆ ಒಂದು ವಿಷಯ ಬಹಳ ದಿನದಿಂದ ತಲೆ ತಿನ್ನುತ್ತಾ ಇದೆ, ಬರೆದೇ ಬಿಡೋಣ ಅಂತ ಕೂತಿದ್ದೀನಿ.

ಬೇರೆ ದೇಶದ ಹಳ್ಳಿಗೆ ಸ್ವಯಂಸೇವಕರಾಗಿ ಹೋಗಿ ಬಂದವರ ಬರಹಗಳನ್ನ ನೀವೂ ಓದಿರ್ತೀರಿ. "ಬಡವರು, ಆದರೆ ಮನಸ್ಸು ಎಷ್ಟು ದೊಡ್ಡದು!", "ಅಲ್ಲಿ ನನಗೊಬ್ಬ ತಾಯಿ ಸಿಕ್ಕಳು", "ಬರುವಾಗ ಇಡೀ ಊರೇ ಅತ್ತಿತು". ಕೊನೆಗೆ ಮಕ್ಕಳ ಜೊತೆ ಒಂದು ಫೋಟೋ. ನಗಬೇಡಿ, ನಾನೂ ಹೀಗೇ ಬರೆದವನು. ಇವತ್ತು ಬರೀತಿರೋದು ಆ ಬರಹವನ್ನ ವಾಪಸ್ ತಗೊಳ್ಳೋಕೆ.

2023ರ ನವೆಂಬರ್ 3ರ ರಾತ್ರಿ ನೇಪಾಳದ ಪಶ್ಚಿಮದ ಗುಡ್ಡಗಳಲ್ಲಿ, ಜಾಜರ್‌ಕೋಟ್ ಮತ್ತು ಪಶ್ಚಿಮ ರುಕುಮ್ ಜಿಲ್ಲೆಗಳಲ್ಲಿ, ಭೂಕಂಪವಾಯಿತು. 150ಕ್ಕೂ ಹೆಚ್ಚು ಜನ ಸತ್ತರು. ಕಲ್ಲು-ಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೇ ಬಿದ್ದಿದ್ದವು. ನಾನು ಆಗ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ಮಧ್ಯೆ ಇದ್ದೆ, ಕೈಯಲ್ಲಿ ಐದು ವಾರ ಬಿಡುವಿತ್ತು. 2024ರ ಜನವರಿಯಲ್ಲಿ ಗೆಳೆಯರ ಒಂದು ಗುಂಪಿನ ಜೊತೆ ಲಕ್ನೋ, ರುಪೈಡಿಹಾ, ನೇಪಾಳ್‌ಗಂಜ್ ದಾಟಿ ಜೀಪಿನಲ್ಲಿ ಗುಡ್ಡ ಹತ್ತಿದೆ. ತಗಡು ಹೊತ್ತೊಯ್ಯೋದು, ಬಿದಿರು ನೆಡೋದು, ತಾತ್ಕಾಲಿಕ ಮನೆ ಕಟ್ಟೋದು, ಇಷ್ಟೇ ಕೆಲಸ. ನನ್ನ ಇಂಜಿನಿಯರಿಂಗ್ ಡಿಗ್ರಿ ಅಲ್ಲಿ ಮೊಳೆ ಹಿಡಿಯೋಕೂ ಉಪಯೋಗಕ್ಕೆ ಬರಲಿಲ್ಲ ಅನ್ನೋದು ಬೇರೆ ಮಾತು.

ಅಲ್ಲೊಬ್ಬಳು ಆಮಾ. ಅವಳ ಮನೆ ಬಿದ್ದಿತ್ತು, ನಾವು ತಗಡಿನ ಮನೆ ಕಟ್ಟಿಕೊಟ್ಟೆವು. ದಿನಾ ಢಿಂಡೋ ಬಡಿಸೋಳು, ಅದು ಥೇಟ್ ನಮ್ಮ ಮುದ್ದೆಯಂಥದ್ದೇ. ಕೆಲಸ ಮುಗಿದ ದಿನ ಏನೋ ಕೇಳಿದಳು, ಅದರಲ್ಲಿ 'ಪರ್ಮಾ' ಅನ್ನೋ ಮಾತು ಮತ್ತೆ ಮತ್ತೆ ಬಂತು. ಅವಳ ಮಗ ಹಿಂದಿಯಲ್ಲಿ ಬಿಡಿಸಿ ಹೇಳಿದ. ನಮ್ಮ ಹೊಲಕ್ಕೆ ನೀನು ಒಂದು ದಿನ ದುಡಿದರೆ ನಿನ್ನ ಹೊಲಕ್ಕೆ ನಾನು ಒಂದು ದಿನ ದುಡೀಬೇಕು, ಅದು ಪರ್ಮಾ. "ನೀನು ಇಷ್ಟು ದಿನ ದುಡಿದೆ, ನಿಮ್ಮ ಮನೆಗೆ ನಾವು ಯಾವಾಗ ಬರಬೇಕು ಅಂತ ಕೇಳ್ತಿದಾಳೆ."

ನಾನು ನಕ್ಕು, ಏನೂ ಬೇಡ ಆಮಾ ಅಂದೆ. ಆ ಕ್ಷಣ ನನ್ನ ಬಗ್ಗೆ ನನಗೇ ಭಾರೀ ಹೆಮ್ಮೆ. ಅವಳ ಮುಖ ಮಾತ್ರ ಸಣ್ಣದಾಯಿತು. ನಾಚಿಕೆ ಅಂದುಕೊಂಡೆ. ಈಗ ಯೋಚಿಸಿದರೆ ಅದು ಅವಮಾನ ಅನ್ಸತ್ತೆ.

ಯಾಕೆ ಹಾಗನ್ನಿಸಿತು ಅಂದ್ರೆ, ಪರ್ಮಾ ನನಗೆ ಹೊಸದೇನಲ್ಲ. ನಮ್ಮ ದೇವರ ಹಿಪ್ಪರಗಿಯಲ್ಲಿ ಅದಕ್ಕೆ ಮುಯ್ಯಾಳು ಅಂತೀವಿ. ನಮ್ಮ ಆಯಿ ಇವತ್ತಿಗೂ ಯಾರು ಎಷ್ಟು ದಿನ ಬಂದಿದ್ದರು, ನಾವು ಎಷ್ಟು ದಿನ ಹೋಗೋದು ಬಾಕಿ ಇದೆ ಅಂತ ಬಾಯಲ್ಲೇ ಲೆಕ್ಕ ಇಟ್ಟಿರ್ತಾಳೆ. (ನಮ್ಮ ಡೇಟಾಬೇಸ್‌ಗಳೂ ಅಷ್ಟು ನೆಟ್ಟಗಿರಲ್ಲ.) "ಯಾರ ಕಡಿಂದೂ ಪುಕ್ಕಟ ದುಡಿಸ್ಕೋಬಾರ್ದು" ಅನ್ನೋದು ಅವಳ ಮಾತು. ಲೆಕ್ಕ ಇದ್ದಲ್ಲಿ ಪ್ರೀತಿ ಇಲ್ಲ ಅಂತ ನಾವು ಪಟ್ಟಣದಲ್ಲಿ ಅಂದುಕೊಂಡಿದ್ದೀವಿ. ಹಳ್ಳಿಯಲ್ಲಿ ಲೆಕ್ಕ ಬಾಕಿ ಇದೆ ಅಂದ್ರೆ ಹೋಗಿಬರೋದು ಬಾಕಿ ಇದೆ ಅಂತ ಅರ್ಥ. ಲೆಕ್ಕವೇ ಬೇಡ ಅಂದವನು ಇನ್ನು ಬರಲ್ಲ ಅಂದ ಹಾಗೆ.

ಇನ್ನೊಂದು ದಡದಲ್ಲೂ ನಾನು ನಿಂತಿದ್ದೆ. 2009ರ ಸೆಪ್ಟೆಂಬರ್ ಕೊನೆ. ದಸರಾ ಈಗಷ್ಟೇ ಮುಗಿದಿತ್ತು, ನನಗೆ ಹನ್ನೆರಡು ವರ್ಷ. ಉತ್ತರ ಕರ್ನಾಟಕದ ಆ ಮಳೆ ಮರೆಯೋಕಾಗಲ್ಲ, ಇನ್ನೂರಕ್ಕೂ ಹೆಚ್ಚು ಜನ ಹೋದರು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳು ಬಿಸಿಲಿಗೆ ಹೇಳಿ ಮಾಡಿಸಿದಂಥವು. ದಿನಗಟ್ಟಲೆ ಬಿಡದೆ ಸುರಿದರೆ ಮಾಳಿಗೆ ಮಣ್ಣು ನೀರು ಕುಡಿದು ಭಾರವಾಗಿ ತೊಲೆ ಸಮೇತ ಕೂತುಬಿಡತ್ತೆ. ನಮ್ಮ ಪಡಸಾಲೆ ಹಾಗೆ ಕೂತಿತು. ಬೆಂಗಳೂರಿನಿಂದ ಹುಡುಗರ ಒಂದು ಗುಂಪು ಬಂತು. ಅವರಲ್ಲಿ ಒಬ್ಬ ಅಣ್ಣ ನಮ್ಮ ಮನೆಯ ಮಣ್ಣು ಬಗೆದು ಹಾಕಿದ, ನನಗೆ ಗಣಿತ ಹೇಳಿಕೊಟ್ಟ, ಆಯಿ ಬಡಿದ ರೊಟ್ಟಿ ಉಂಡ. "ಮುಂದಿನ ವರ್ಷ ರಾವುತರಾಯನ ಜಾತ್ರಿಗೆ ಬಾ ತಮ್ಮಾ" ಅಂದಳು ಆಯಿ. ಬಂದೇ ಬರ್ತೀನಿ ಅಂತ ನಂಬರ್ ಬರೆದುಕೊಟ್ಟ.

ಆಯಿ ಎರಡು ಜಾತ್ರೆ ಕಾದಳು. ಮೂರನೆಯದಕ್ಕೆ ಅವನ ಹೆಸರು ಎತ್ತಲಿಲ್ಲ. 2015ರಲ್ಲಿ ನಾನು ಇಂಜಿನಿಯರಿಂಗ್ ಸೇರೋಕೆ ಬೆಂಗಳೂರಿಗೆ ಬಂದಾಗ ಆ ನಂಬರಿಗೆ ಫೋನ್ ಮಾಡಿದ್ದೆ. ಎತ್ತಿದ. "ಯಾವ ಹಿಪ್ಪರಗಿ?" ಅಂದ. ಸಿಟ್ಟಿಲ್ಲ, ಅವನೂ ಎಷ್ಟೋ ಊರು ತಿರುಗಿರಬೇಕು. ನಮಗೆ ಮಾತ್ರ ಅವನೊಬ್ಬನೇ ಇದ್ದ.

ಇಷ್ಟೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ? 2024ರ ನವೆಂಬರಿನಲ್ಲಿ ಒಂದು ನೇಪಾಳದ ನಂಬರಿನಿಂದ ಕಾಲ್ ಬಂತು. ಆಮಾಳ ಮಗ. ಆ ಗುಡ್ಡಗಳಿಂದ ಕೆಲಸ ಹುಡುಕಿಕೊಂಡು ನಮ್ಮ ದೇಶಕ್ಕೆ ಬರೋದು ತಲೆತಲಾಂತರದ ದಾರಿ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಂತವರನ್ನ ಕೇಳಿ ನೋಡಿ. ಬೆಂಗಳೂರಿಗೆ ಬರ್ತಿದೀನಿ, ಸ್ವಲ್ಪ ದಿನ ನಿನ್ನ ಹತ್ರ ಇರಬಹುದಾ ಅಂತ ಮೆಸೇಜ್. ಎರಡು ಸಲ ಫೋನ್ ರಿಂಗ್ ಆಯಿತು, ನಾನು ಸುಮ್ಮನೆ ನೋಡ್ತಾ ಕೂತೆ. ರೂಮ್‌ಮೇಟ್ ಏನಂತಾನೋ, ಓನರ್ ಏನಂತಾರೋ, ಎಷ್ಟು ದಿನ ಇರ್ತಾನೋ... "ನನಗೆ ಸಿಕ್ಕ ಇನ್ನೊಬ್ಬ ತಾಯಿ" ಅಂತ ಬರೆದಿದ್ದೆನಲ್ಲ, ಆ ತಾಯಿಯ ಮಗ ಸ್ವಾಮಿ ಅವನು! ಮೂರನೇ ಸಲ ಎತ್ತಿದೆ, ಅದೂ ಆ ಹಿಪ್ಪರಗಿ ಪ್ರಶ್ನೆ ನೆನಪಾದದ್ದಕ್ಕೆ.

ಪಿಯರ್ ಸೆರೆಸೋಲ್ ಅಂತ ಒಬ್ಬ ಸ್ವಿಸ್ ಇಂಜಿನಿಯರ್ ಇದ್ದ. ಮೊದಲ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಒಂದು ಹಳ್ಳಿಯನ್ನ ಮತ್ತೆ ಕಟ್ಟೋಕೆ 1920ರಲ್ಲಿ ಬೇರೆ ಬೇರೆ ದೇಶದವರನ್ನ ಸೇರಿಸಿದವನು. 1934ರ ಜನವರಿಯಲ್ಲಿ ನೇಪಾಳ-ಬಿಹಾರದ ದೊಡ್ಡ ಭೂಕಂಪವಾದಾಗ ಬಿಹಾರಕ್ಕೆ ಬಂದ. ನನಗೆ ಅವನಲ್ಲಿ ಹಿಡಿಸಿದ್ದು, ಒಂದು ಸಲ ಬಂದು ಫೋಟೋ ತಗೊಂಡು ಹೋಗಲಿಲ್ಲ, 1937ರವರೆಗೂ ಮರಳಿ ಮರಳಿ ಬಂದ. ಹಡಗಿನ ಕಾಲದಲ್ಲಿ!

ಎಲ್ಲರಿಗೂ ಹಾಗೆ ಆಗತ್ತೇನ್ರಿ ಅಂತ ಕೇಳ್ತೀರಿ. ಆಗಲ್ಲ. ಐದು ವಾರ ಹೋಗಿ ತಗಡು ಹೊತ್ತು ಬಂದರೂ ಅದು ಒಳ್ಳೇ ಕೆಲಸವೇ, ಆ ತಗಡಿನ ಕೆಳಗೆ ಜನ ಚಳಿಗಾಲ ಕಳೆದರು. ಹಾಗಾದ್ರೆ ಅದನ್ನ ಐದು ವಾರದ ಕೆಲಸ ಅಂತಲೇ ಕರೆಯೋಣ. ಅಮ್ಮ, ತಮ್ಮ, ನನ್ನ ಎರಡನೇ ಊರು ಅಂತ ಬಾಯಿ ತುಂಬಾ ಕರೆಯೋದಾದ್ರೆ ಫೋನ್ ಎತ್ತಬೇಕು, ಮುಯ್ಯಾಳು ತೀರಿಸ್ತೀವಿ ಅಂದವರನ್ನ ತೀರಿಸೋಕೆ ಬಿಡಬೇಕು. ಕೊಡೋದು ಸುಲಭ ಕಣ್ರೀ, ತಗೊಳ್ಳೋಕೆ ನಮಗೆ ಕಷ್ಟ. ತಗೊಂಡರೆ ನಾವೂ ಅವರೂ ಸಮ ಆಗಿಬಿಡ್ತೀವಲ್ಲ.

ಭಾಯ್ ನನ್ನ ರೂಮಿನಲ್ಲಿ ಒಂದೂವರೆ ತಿಂಗಳಿದ್ದ. ಡಿಸೆಂಬರ್ 30ಕ್ಕೆ ಎಳ್ಳ ಅಮಾವಾಸ್ಯೆ ಬಂತು, ಊರಿಗೆ ಕರಕೊಂಡು ಹೋದೆ. ಎಲ್ಲರ ಜೊತೆ ಹೊಲದಲ್ಲಿ ಚರಗ ಚೆಲ್ಲಿದ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಹೊಡೆದ. ಮರುದಿನ ತೊಗರಿ ಕೊಯ್ಯೋಕೆ ಆಳು ಸಿಗದೆ ಆಯಿ ಬೈಕೋತಾ ಕೂತಿದ್ದಳು. ಇವನು ಕುಡಗೋಲು ಕೇಳಿ ಇಸ್ಕೊಂಡು ಹೊಲಕ್ಕಿಳಿದ. ಹೊತ್ತು ಮುಳುಗೋ ತನಕ ಕೊಯ್ದ, ನನಗಿಂತ ಎರಡು ಸಾಲು ಮುಂದೆ. ಸಂಜೆ ಆಯಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಡೋಕೆ ಹೋದಳು. ಅವನು ಕೈ ಹಿಂದೆ ಕಟ್ಟಿಕೊಂಡು "ಪರ್ಮಾ" ಅಂದ.

"ಏನಂತಾನೋ?" ಅಂದಳು ಆಯಿ.

"ಮುಯ್ಯಾಳು ಅಂತ."

"ಹಂಗಂದ್ರ ತಿಳೀತು" ಅಂತ ದುಡ್ಡು ಗಂಟಿಗೆ ಹಾಕಿಕೊಂಡು, ಬೆರಳು ಮಡಚಿ ಏನೋ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಅಲ್ಲೆ ಅವರವ್ವನ ಮನ್ಯಾಗ ಐದು ವಾರ ಉಂಡ ಬಂದಿ. ಅದರ ಲೆಕ್ಕ ಬ್ಯಾರೆ ಐತಿ. ಮತ್ತ ಯಾವಾಗ ಹೊಂಟಿ?" ಅಂದಳು.