ಯಂತ್ರ ಮೇಷ್ಟರೂ ನಮ್ಮ ಮಕ್ಕಳೂ

ನಮ್ಮ ಸಂಘದ ವಿದ್ಯಾನಿಧಿಯ ಹಣವನ್ನು ಈ ವರ್ಷ ಯಾವುದಕ್ಕೆ ವಿನಿಯೋಗಿಸಬೇಕೆಂಬ ವಿಷಯದಲ್ಲಿ ಸದಸ್ಯರೊಳಗೆ ಎರಡು ಪಂಗಡಗಳಾಗಿವೆ. ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಡುವ ಮೇಷ್ಟರ ಸಂಭಾವನೆ ನಿಲ್ಲಿಸಿ, ಆ ಹಣದಲ್ಲಿ ನಾಲ್ಕು ಟ್ಯಾಬ್ಲೆಟ್ಟು ಕೊಂಡು 'ಕೃತಕ ಬುದ್ಧಿ'ಯಿಂದ ಪಾಠ ಹೇಳಿಸೋಣವೆಂದು ಒಂದು ಪಂಗಡ. ಆ ಯಂತ್ರದ ಗಾಳಿಯೂ ನಮ್ಮ ಮಕ್ಕಳಿಗೆ ಸೋಕಕೂಡದೆಂದು ಇನ್ನೊಂದು. ಮುಂದಿನ ಮಹಾಸಭೆಯಲ್ಲಿ ಇದು ಮತಕ್ಕೆ ಬರಲಿದೆ. ಅದಕ್ಕೆ ಮುಂಚೆ, ಬಂಧುಗಳೇ, ನಾವು ಕೆಲವು ಮಾತುಗಳನ್ನು ಬಿಚ್ಚಿ ಹೇಳಬೇಕಾಗಿದೆ.

ಬೇಡವೆನ್ನುವವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಮ್ಮಲ್ಲಿ ಮಿಲ್ಲಿನ ಮಂದಿ ಇದ್ದಾರೆ. ವಾರಂಗಲ್ಲಿನ ಆಜಂ ಜಾಹಿ ಮಿಲ್ಲು 1934ರಲ್ಲಿ ಹುಟ್ಟಿ 2002ರಲ್ಲಿ ಬಾಗಿಲು ಹಾಕಿದ್ದನ್ನು ಕಂಡವರಿದ್ದಾರೆ, ಕಲಬುರ್ಗಿಯ ಎಂ.ಎಸ್.ಕೆ. ಮಿಲ್ಲಿನಲ್ಲಿ ತಂದೆ ತಾತಂದಿರು ದುಡಿದ ಮನೆಗಳವರಿದ್ದಾರೆ. ಹೊಸ ಯಂತ್ರವೆಂದ ಕೂಡಲೆ ಇವರ ಹೊಟ್ಟೆಯಲ್ಲಿ ತಳಮಳವಾಗುವುದು ಸಹಜವೇ. ಆದರೆ ಹೋಟೆಲಿನವರು ಇನ್ನೊಂದನ್ನೂ ಕಂಡಿದ್ದೇವೆ. ರುಬ್ಬುವ ಕಲ್ಲು ಹೋಗಿ ಗ್ರೈಂಡರು ಬಂದಾಗ ಅಂಗೈಯ ಬೊಬ್ಬೆ ಹೋಯಿತು. ಆ ಬೊಬ್ಬೆಗಾಗಿ ಅತ್ತವರನ್ನು ನಾವು ಕಾಣೆವು. ಯಂತ್ರ ಯಾರ ಕೈಯಲ್ಲಿದೆ, ಅದರಿಂದ ಉಳಿದ ಹೊತ್ತು ಯಾರ ಪಾಲಿಗೆ ಹೋಯಿತು ಎಂಬುದೇ ಕೇಳತಕ್ಕ ಪ್ರಶ್ನೆ. ದೂರ ಇಡುತ್ತೇವೆಂದರೂ ಇಡಲು ಆಗುವುದಿಲ್ಲ. 3ನೆಯ ತರಗತಿಯಿಂದಲೇ ಕೃತಕ ಬುದ್ಧಿಯ ಪಾಠವನ್ನು 2026-27ರಿಂದ ತರುವುದಾಗಿ ಕೇಂದ್ರ ಶಿಕ್ಷಣ ಇಲಾಖೆ 2025ರ ಅಕ್ಟೋಬರಿನಲ್ಲಿಯೇ ಪ್ರಕಟಿಸಿತು. ಮಾಲಿಕರ ಮಕ್ಕಳ ಕೈಗೆ ಅದು ಯಾವಾಗಲೋ ಬಂದಾಯಿತು.

ಹಾಗಾದರೆ ಈ ಯಂತ್ರ ಏನು? ಬಹಳ ಜನ ಇದನ್ನು ಸರ್ವಜ್ಞನೆಂದು ತಿಳಿದಿದ್ದಾರೆ. ಹಾಗಲ್ಲ. ಹಳೆಯ ಸಪ್ಲೈಯರನೊಬ್ಬನನ್ನು ನೆನೆಸಿಕೊಳ್ಳಿ. ದಿನವೂ ಬರುವ ಗಿರಾಕಿ ಕುರ್ಚಿ ಎಳೆಯುವುದಕ್ಕೆ ಮೊದಲೇ ಅವನು "ಒಂದು ಮಸಾಲೆ, ಒಂದು ಕಾಫಿ" ಎಂದು ಒಳಗೆ ಕೂಗಿರುತ್ತಾನೆ. ಸಾವಿರಾರು ಗಿರಾಕಿಗಳನ್ನು ಕಂಡ ಅಭ್ಯಾಸ. ಹತ್ತರಲ್ಲಿ ಒಂಬತ್ತು ಸಲ ಸರಿಯೇ. ಏಕಾದಶಿಯ ದಿವಸ ಮಾತ್ರ ಅದೇ ಗತ್ತಿನಿಂದ ತಪ್ಪು ತಟ್ಟೆ ತಂದಿಡುತ್ತಾನೆ. ಈ ಯಂತ್ರವೂ ಕೋಟ್ಯಂತರ ಪುಟಗಳನ್ನು ಕಂಡು, ಒಂದು ಮಾತಿನ ನಂತರ ಯಾವ ಮಾತು ಬರುವುದೆಂದು ಊಹಿಸುವ ಅಭ್ಯಾಸ ಮಾಡಿಕೊಂಡಿದೆ. ಅದು ಕಂಡ ಪುಟಗಳಲ್ಲಿ ಇಂಗ್ಲಿಷು ಸಮುದ್ರದಷ್ಟು, ಕನ್ನಡ ಒಂದು ಕೊಡದಷ್ಟು. ಸರಿ ಹೇಳುವಾಗಲೂ ತಪ್ಪು ಹೇಳುವಾಗಲೂ ಅದರ ದನಿ ಒಂದೇ.

ಇದನ್ನು ನಾವೇ ಪರೀಕ್ಷೆ ಮಾಡಿ ನೋಡಿದೆವು. ಬಸವಣ್ಣನವರ ವಚನವೊಂದನ್ನು ಹೇಳೆಂದರೆ ತಾನೇ ನಾಲ್ಕು ಸಾಲು ಹೊಸೆದು, ಕೊನೆಗೆ ಕೂಡಲಸಂಗಮದೇವನ ಅಂಕಿತ ಅಂಟಿಸಿ ಕೊಟ್ಟಿತು. ಬೀದರ ಕಡೆಯ ನಮ್ಮ ಹಿರಿಯರೊಬ್ಬರು ಕೇಳಿ ನಕ್ಕುಬಿಟ್ಟರು. ಆದರೆ ಪಕ್ಕದಲ್ಲಿದ್ದ ಏಳನೆಯ ತರಗತಿಯ ಹುಡುಗ ನಗಲಿಲ್ಲ, ಬರೆದುಕೊಂಡ. ಅವನಿಗೆ ಗೊತ್ತಾಗುವುದಾದರೂ ಹೇಗೆ?

ಅದೇ ಯಂತ್ರದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇದೇ ಹುಡುಗನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಶಾಲೆಯ ಪಾಠ ಇಂಗ್ಲಿಷಿನಲ್ಲಿ, ಬೀದಿಯ ಮಾತು ತೆಲುಗು ಮತ್ತು ದಖ್ಖನಿ, ಮನೆಯ ಮಾತು ಕುಂದಾಪುರದ ಕನ್ನಡ. ಯಂತ್ರವನ್ನು ಕನ್ನಡದಲ್ಲಿ ಕೇಳಿದ. ದೋಸೆಯನ್ನು ನಾಲ್ಕು ಪಾಲು ಮಾಡಿ ಮೂರು ಪಾಲು ತಟ್ಟೆಗೆ ಹಾಕಿ ತೋರಿಸಿತು. ತಿಳಿಯಲಿಲ್ಲವೆಂದ, ಮತ್ತೆ ಹೇಳಿತು. ಮೂರನೆಯ ಸಲವೂ ಹೇಳಿತು. ಬೈಯಲಿಲ್ಲ, ಬೆಂಚಿನ ಮೇಲೆ ನಿಲ್ಲಿಸಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗಿ ರಾತ್ರಿ ಹನ್ನೊಂದಕ್ಕೆ ಬರುವ ತಂದೆಗೆ ಆ ಸಹನೆಗೆ ಪುರುಸೊತ್ತೆಲ್ಲಿ? ಐವತ್ತು ಮಕ್ಕಳನ್ನು ಕೂಡಿಸಿಕೊಂಡ ಉಪಾಧ್ಯಾಯಿನಿಗೆ ತಾನೇ ಎಲ್ಲಿ? ಟ್ಯೂಷನ್ನಿಗೆ ಕೊಡಲು ದುಡ್ಡಿಲ್ಲದ ಮನೆಗೆ ಇದು ಸಣ್ಣ ಉಪಕಾರವಲ್ಲ.

ಈ ಊರಿಗೆ ಈ ಪ್ರಶ್ನೆ ಹೊಸದೂ ಅಲ್ಲ. 1917ರಲ್ಲಿ ನಿಜಾಮ ಸರ್ಕಾರವು ಇಲ್ಲಿ 'ದಾರುಲ್ ತರ್ಜುಮಾ' ಎಂಬ ಭಾಷಾಂತರ ಕಚೇರಿಯನ್ನು ತೆರೆಯಿತು. ಮರುವರ್ಷ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಗಣಿತ, ರಸಾಯನ, ವೈದ್ಯ, ಕಾನೂನು ಮುಂತಾದ ಗ್ರಂಥಗಳನ್ನು ಉರ್ದುವಿಗೆ ಇಳಿಸಿ, ಇಂಗ್ಲಿಷಿನ ಹಂಗಿಲ್ಲದೆ ಡಾಕ್ಟರುಗಳನ್ನೂ ವಕೀಲರನ್ನೂ ತಯಾರು ಮಾಡಿದರು. ದೊಡ್ಡ ಕೆಲಸ; ಹೀಗಳೆಯಲಾರೆವು. ಆದರೆ ಆಗಿನ ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದವರು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು. ತೆಲುಗರು ಹತ್ತಿರ ಹತ್ತಿರ ಅರ್ಧ, ಮರಾಠಿಗರು ಕಾಲು ಭಾಗ. ನಮ್ಮ ಕನ್ನಡಿಗರು ಉರ್ದುವಿನವರಿಗೆ ಸರಿಸಮ. ದೇಶಭಾಷೆಯಲ್ಲಿ ವಿದ್ಯೆಯೆಂದು ಹೆಸರಾಯಿತು. ರಾಯಚೂರಿನ ರೈತನ ಮಗನಿಗೆ ಮಾತ್ರ ಅದು ಇನ್ನೊಂದು ಪರಭಾಷೆ. 1948ರ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. 1956ರ ನವೆಂಬರ್ 1ರಂದು ಬೀದರ, ಕಲಬುರ್ಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಈ ನಗರದ ಕನ್ನಡಿಗರು ಇಲ್ಲೇ ಉಳಿದೆವು. ಕಾಚಿಗುಡದಲ್ಲಿ ಹಿರಿಯರು ನೃಪತುಂಗನ ಹೆಸರಿನಲ್ಲಿ ಶಾಲೆ ಕಟ್ಟಿದ್ದು ಇಂಥ ಸಂಕಟದಿಂದಲೇ. ನಮ್ಮ ಮಕ್ಕಳೆಲ್ಲ ಅಲ್ಲಿಗೆ ಹೋಗಲಾರರು, ಕೂಕಟಪಲ್ಲಿಯಿಂದಲೂ ಎಲ್.ಬಿ. ನಗರದಿಂದಲೂ ದಿನಾ ಬಸ್ಸಿಗೆ ಹಾಕುವುದು ಯಾರಿಂದಾದೀತು? 2018ರ ಕಾಯಿದೆಯಿಂದ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ. ಅದು ನ್ಯಾಯವೇ, ಈ ನೆಲದ ಭಾಷೆ, ನಮ್ಮ ಮಕ್ಕಳು ಕಲಿಯತಕ್ಕದ್ದು. ತೆಲುಗು, ಇಂಗ್ಲಿಷು, ಹಿಂದಿ ಮೂರೂ ಆದ ಮೇಲೆ ಕನ್ನಡಕ್ಕೆ ಉಳಿಯುವುದು ಭಾನುವಾರ ಒಂದೇ.

ಭಾಷಾಂತರ ಕಚೇರಿಯ ಪಂಡಿತರು ವರ್ಷಗಟ್ಟಲೆ ಕೂತು ಮಾಡಿದ ಕೆಲಸವನ್ನು ಈ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ, ಅದೂ ಕನ್ನಡಕ್ಕೆ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆಯನ್ನು 2022ರ ಜುಲೈಯಲ್ಲಿ ಆರಂಭಿಸಿದ್ದು ಇದಕ್ಕಾಗಿಯೇ. ವಿಜ್ಞಾನದ ಇಂಗ್ಲಿಷ್ ಪಾಠವನ್ನು ಮಗು ತನ್ನ ಮಾತಿನಲ್ಲಿ ಕೇಳಿ ತಿಳಿಯಬಹುದು. ಇದಕ್ಕೆ ರಾಜರ ಅಪ್ಪಣೆ ಬೇಕಿಲ್ಲ. ನಮ್ಮಂಥ ಚದುರಿದ ಜನಕ್ಕೆ ಇಂಥ ಅವಕಾಶ ಹಿಂದೆ ಬಂದಿರಲಿಲ್ಲ.

ಆದರೆ ಯಾವ ಕನ್ನಡ? ಪುಸ್ತಕದ ಕನ್ನಡವನ್ನು ಯಂತ್ರ ಬಲ್ಲದು. "ಅಂವ ಎಲ್ಲಿಗಿ ಹೋಗ್ಯಾನ" ಎಂದು ಕಲಬುರ್ಗಿಯ ಮಗು ಕೇಳಿದರೆ ತಡವರಿಸುತ್ತದೆ. ಕುಂದಾಪುರದ ಮಾತಿಗಂತೂ ಕೈಯೆತ್ತಿಬಿಡುತ್ತದೆ. ಮಗು ತಿರುಗಿ ಇಂಗ್ಲಿಷಿಗೇ ಹೋಗುತ್ತದೆ, ತನ್ನ ಮಾತೇ ಸರಿಯಿಲ್ಲವೆಂದುಕೊಂಡು. ಇದು ನಮಗೆ ಚಿಂತೆಯ ವಿಷಯ.

ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ನಮ್ಮ ಸದಸ್ಯರೊಬ್ಬರ ಮಗಳು ಒಂಬತ್ತನೆಯ ತರಗತಿ. 'ನನ್ನ ತಂದೆ' ಎಂದು ಪ್ರಬಂಧ ಬರೆದು ತರಲು ಹೇಳಿದ್ದರು. ಯಂತ್ರದಿಂದ ಬರೆಯಿಸಿಕೊಂಡು ಹೋದಳು, ಒಳ್ಳೆಯ ಅಂಕವೂ ಬಂತು. ಆ ಪ್ರಬಂಧದ ತಂದೆ ಬೆಳಿಗ್ಗೆ ದಿನಪತ್ರಿಕೆ ಓದುತ್ತಾನೆ, ಆಫೀಸಿಗೆ ಹೋಗುತ್ತಾನೆ, ಸಂಜೆ ಬಂದು ಮಗಳೊಡನೆ ಉದ್ಯಾನದಲ್ಲಿ ಅಡ್ಡಾಡುತ್ತಾನೆ. ಅವಳ ನಿಜವಾದ ತಂದೆ ಇಪ್ಪತ್ತೆರಡು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತಿದ್ದಾನೆ. ಮುಂಗೈಯ ಮೇಲೆ ಎಣ್ಣೆ ಸಿಡಿದ ಕಲೆಗಳಿವೆ. ಅವನು ಪ್ರಬಂಧವನ್ನು ಓದಿಸಿ ಕೇಳಿ, "ಚೆನ್ನಾಗಿದೆಯಮ್ಮ" ಎಂದ. ಹುಡುಗಿಯನ್ನು ನಾವು ದೂರುವುದಿಲ್ಲ. ಎಲ್ಲರೂ ಹಾಗೆಯೇ ತಂದರಂತೆ. ಆದರೆ ತನ್ನ ತಂದೆಯ ಕುರಿತು ಹತ್ತು ವಾಕ್ಯ ತಾನೇ ತಡಕಾಡಿ ಬರೆಯುವುದರಲ್ಲಿ ಇರುವ ವಿದ್ಯೆ ಯಾವುದುಂಟೋ ಅದು ಅವಳಿಗೆ ದೊರೆಯಲಿಲ್ಲ. ನಾಳೆ ಇವಳೇ ಮಾಲಿಕನ ಮುಂದೆ ಒಂದು ಅರ್ಜಿ ಬರೆಯಬೇಕು, ಸಭೆಯಲ್ಲಿ ಎದ್ದು ನಿಂತು ನಾಲ್ಕು ಮಾತಾಡಬೇಕು. ಸಂಘ ನಡೆಸುವವರು ನಾವು. ಮಾತು ಬಾರದವನ ಕೂಲಿ ಎಷ್ಟೆಂದು ಬಲ್ಲೆವು.

ಅಂಕಿ ಅಂಶ ಬೇಕೆನ್ನುವವರಿಗೆ 2024ರ 'ಅಸರ್' ವರದಿ ಇದೆ. ದೇಶದ ಹಳ್ಳಿಗಳಲ್ಲಿ 14ರಿಂದ 16 ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನು ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ನೂರಕ್ಕೆ 57, ಸಮಾಜ ಮಾಧ್ಯಮಗಳಿಗೆ ಬಳಸಿದವರು 76. ಅದೇ ವರದಿಯಲ್ಲಿ, ಸರ್ಕಾರಿ ಶಾಲೆಗಳ 3ನೆಯ ತರಗತಿಯಲ್ಲಿ 2ನೆಯ ತರಗತಿಯ ಪಾಠ ಓದಬಲ್ಲವರು ನೂರಕ್ಕೆ 23 ಚಿಲ್ಲರೆ. ಓದಲು ಬಾರದ ಮಗುವಿನ ಕೈಯಲ್ಲಿ ಫೋನು ಇಟ್ಟರೆ ಅದು ಏನನ್ನು ನೋಡುವುದೆಂದು ನಾವು ಹೇಳಬೇಕೆ?

ಯಂತ್ರದ ಕನ್ನಡ ಎಲ್ಲಿಂದ ಬಂತೆಂಬುದನ್ನೂ ಕಾರ್ಮಿಕರು ಅರಿತಿರಬೇಕು. ಆಕಾಶದಿಂದ ಇಳಿದದ್ದಲ್ಲ. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಮನೆಗೆಲಸ ಮುಗಿಸಿ, ಫೋನು ಹಿಡಿದು, ಕನ್ನಡದ ವಾಕ್ಯಗಳನ್ನು ಒಂದೊಂದಾಗಿ ಓದಿ ಧ್ವನಿ ಕೊಟ್ಟ ಸಂಗತಿ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಕೊಡಿಸಿದವರು ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ. ಗಂಟೆಗೆ ಸುಮಾರು 5 ಡಾಲರು ಕೂಲಿ. ಆ ಧ್ವನಿ ಮತ್ತೆ ಮಾರಾಟವಾದರೆ ಓದಿದವರಿಗೂ ಪಾಲುಂಟೆಂದು ಆ ಸಂಸ್ಥೆಯ ಕಟ್ಟಳೆ. ಎಲ್ಲರೂ ಹೀಗೆ ಪಾಲು ಕೊಡುವವರಲ್ಲ. ಹೀಗೆ ಕೂಲಿಯವರ ನಾಲಗೆಯಿಂದ ಕಲಿತ ಯಂತ್ರವನ್ನು ಕೂಲಿಯವರ ಮಕ್ಕಳಿಗೆ ದುಬಾರಿ ಬೆಲೆಗೆ ಮಾರಲು ಬಂದರೆ ನಾವು ಬಾಯಿ ಮುಚ್ಚಿಕೊಂಡಿರಬೇಕೆ?

ಬೆಲೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ನಮ್ಮ ಗಲ್ಲಿಗಳಲ್ಲಿ ಟೈ ಕಟ್ಟಿದ ಏಜೆಂಟರು ತಿರುಗುತ್ತಿದ್ದಾರೆ. "ತಿಂಗಳಿಗೆ ಇಷ್ಟೇ ಕಂತು, ಮಗ ಇಂಜಿನಿಯರ್" ಎನ್ನುತ್ತಾರೆ. ಬೈಜೂಸ್ ಕಂಪನಿಯ ಕಥೆ ಹಳೆಯದಾಗಿಲ್ಲ. ತಂದೆತಾಯಿಗಳಿಗೆ ಪಾಠಗಳನ್ನು ಮಾರುವ ರೀತಿಯ ಮೇಲೆ ದೂರು ಬಂದು 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಅದರ ಮುಖ್ಯಸ್ಥರಿಗೆ ಬರಹೇಳಿತು. 2024ರ ಜುಲೈಯಲ್ಲಿ ಕಂಪನಿ ದಿವಾಳಿ ವ್ಯವಹರಣೆಗೆ ಒಳಗಾಯಿತು. ಆದುದರಿಂದ ಯಾವ ಕಾಗದಕ್ಕೂ ಸಂಘಕ್ಕೆ ತೋರಿಸದೆ ರುಜು ಹಾಕಬೇಡಿ. ಶಾಲೆಯಿಂದ ಬರುವ ಒಪ್ಪಿಗೆ ಪತ್ರವನ್ನೂ ಓದಿಸಿ ಕೇಳಿ. 2023ರ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ಪ್ರಕಾರ 18 ತುಂಬದವರ ಮಾಹಿತಿಯನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಬಳಸಕೂಡದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರತಕ್ಕವು. ಮಗುವಿನ ಧ್ವನಿ, ಮುಖ, ಅಂಕ ಎಲ್ಲಿಗೆ ಹೋಗುತ್ತದೆಂದು ಕೇಳುವುದು ನಿಮ್ಮ ಹಕ್ಕು.

ತೆಲಂಗಾಣ ಸರ್ಕಾರದಿಂದಲೂ ನಾವು ಒಂದನ್ನು ಕೇಳಬೇಕಾಗಿದೆ. ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್ನಿನ ನೆರವಿನಿಂದ 2025ರಲ್ಲಿ ಇಲ್ಲಿಯ ಕೆಲವು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ, 3ರಿಂದ 5ನೆಯ ತರಗತಿಯ ಹಿಂದೆ ಬಿದ್ದ ಮಕ್ಕಳಿಗೆ ಕೃತಕ ಬುದ್ಧಿಯಿಂದ ಓದು ಮತ್ತು ಲೆಕ್ಕ ಕಲಿಸಲು ಆರಂಭಿಸಿದರು. ಪುಕ್ಕಟೆ, ಶಾಲೆಯೊಳಗೆ, ಶಿಕ್ಷಕರ ಕಣ್ಣ ಮುಂದೆ. ನಮಗೆ ಮೆಚ್ಚುಗೆಯಾದ ಕ್ರಮವಿದು. ಓದಿಸಲು ಆರಿಸಿದ್ದು ತೆಲುಗು ಮತ್ತು ಇಂಗ್ಲಿಷು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕಡೆ ಕನ್ನಡ ಶಾಲೆಗಳಿವೆ. ಯಂತ್ರ ಬೆಂಗಳೂರಿನದೇ ಆಗಿರುವಾಗ ಆ ಮಕ್ಕಳಿಗೆ ಕನ್ನಡದಲ್ಲಿ ಓದಿಸಲು ಅಡ್ಡಿ ಏನು? ಈ ಬಗ್ಗೆ ಮನವಿ ಸಿದ್ಧವಾಗುತ್ತಿದೆ. ರುಜು ಹಾಕಲು ಎಲ್ಲ ಶಾಖೆಗಳವರೂ ಬರಬೇಕು.

ಇನ್ನು ವಿದ್ಯಾನಿಧಿ. ನಮ್ಮ ಅಭಿಪ್ರಾಯವಿಷ್ಟು. ಮೇಷ್ಟರ ಸಂಭಾವನೆಗೆ ಕೈ ಹಾಕಕೂಡದು. ಯಂತ್ರ ಹೊಸೆದ ವಚನವನ್ನು ಕೇಳಿ ನಗಬಲ್ಲವರೊಬ್ಬರು ಕೋಣೆಯಲ್ಲಿ ಇರಲೇಬೇಕು. ನಾಲ್ಕರ ಬದಲು ಎರಡು ಟ್ಯಾಬ್ಲೆಟ್ಟು ಸಾಕು, ಅವು ಸಂಘದ ಕೋಣೆಯಲ್ಲೇ ಇರಲಿ. ಲೆಕ್ಕಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷ್ ಪಾಠದ ಅರ್ಥಕ್ಕೆ ಯಂತ್ರ. ಪ್ರಬಂಧಕ್ಕೆ, ಪತ್ರಕ್ಕೆ ಕೈಬರಹ. ಕಂತಿನ ಪಾಠ ಯಾವುದೂ ಬೇಡ, ಪುಕ್ಕಟೆ ದೊರೆಯುವುದೇ ನಮ್ಮ ಅವಶ್ಯಕತೆಗೆ ಹೆಚ್ಚು. ಎರಡು ಟ್ಯಾಬ್ಲೆಟ್ಟಿಗೆ ಮೇಷ್ಟರ ಹಣದ ಗೋಜಿಲ್ಲದೆ ಪ್ರತ್ಯೇಕ ವಂತಿಗೆ ಎತ್ತಬಹುದು. ಟಿಪ್ಸಿನ ಡಬ್ಬಿಯಿಂದ ವಾರಕ್ಕೆ ಹತ್ತು ರೂಪಾಯಿ ಕೊಡಲು ಮೂರು ಹೋಟೆಲುಗಳ ಹುಡುಗರು ಆಗಲೇ ಒಪ್ಪಿದ್ದಾರೆ.

ಸಭೆಯನ್ನು ಮಧ್ಯಾಹ್ನ ಮೂರರಿಂದ ಐದರೊಳಗೆ, ಊಟದ ಗದ್ದಲ ಇಳಿದು ಸಂಜೆಯ ತಿಂಡಿ ಏಳುವುದಕ್ಕೆ ಮೊದಲು ಇಡಲಾಗಿದೆ. ರಜೆ ಸಿಕ್ಕದವರು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಬಹುದು. ತಾವೇ ಬರೆಯಬೇಕು, ತಪ್ಪುಗಳಿದ್ದರೆ ನಾವು ಓದಿಕೊಳ್ಳುತ್ತೇವೆ.