37 ಜೀನ್‌ಗಳು, ಸಾಕ್ಷಿ ಒಂದೇ

ಮೀನುಗಳ ವಿಕಾಸದ ಕುರಿತ ಲೇಖನವೊಂದನ್ನು ಅನುವಾದಿಸುವಾಗ, ಮೈಟೋಕಾಂಡ್ರಿಯದ ಜೀನೋಮ್ ನೋಡಿ ಬರೆದ ನಕ್ಷೆಯನ್ನು ‘ವಂಶವೃಕ್ಷ’ ಎಂದು ಕರೆದಿದ್ದೆ. ಆ ಪದ ತಪ್ಪು ಎಂದು ಈಗ ಅನಿಸುತ್ತಿದೆ.

ಈ ಪುಟ್ಟ ಜೀನೋಮ್‌ನಿಂದ ಆದ ಉಪಕಾರ ಸಣ್ಣದಲ್ಲ. ಇರುವುದು ಸುಮಾರು 16,500 ಅಕ್ಷರ, 37 ಜೀನ್; ಪ್ರತಿ ಕೋಶದಲ್ಲೂ ಪ್ರತಿಗಳು ಹೇರಳ. ಹೊಳೆಯಲ್ಲಿ ಬೆಳೆದು ಮೊಟ್ಟೆಯಿಡಲು ಕಡಲಿಗೆ ಮರಳುವ ಹಾವುಮೀನಿಗೆ ಹತ್ತಿರದ ನೆಂಟರು ಹವಳದಿಬ್ಬಗಳ ಮೊರೆ ಈಲ್‌ಗಳಲ್ಲ, ನೋಡಲು ಹೋಲಿಕೆಯೇ ಇಲ್ಲದ ಆಳಸಮುದ್ರದ ಗಲ್ಪರ್ ಈಲ್‌ನಂಥವು ಎಂದು 2010ರಲ್ಲಿ ತೋರಿಸಿಕೊಟ್ಟದ್ದು ಇದೇ ಜೀನೋಮ್.

ಆದರೆ ಈ 37 ಜೀನ್‌ಗಳೂ ತಾಯಿಯಿಂದ ಒಂದೇ ಗಂಟಾಗಿ ಬರುತ್ತವೆ. ಆದ್ದರಿಂದ ಅವು 37 ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಎರಡು ಪ್ರಭೇದಗಳು ಬೆರೆತಾಗ ಒಂದರ ಮೈಟೋಕಾಂಡ್ರಿಯ ಇನ್ನೊಂದರಲ್ಲಿ ನೆಲೆಯೂರಬಹುದು. ಆಫ್ರಿಕಾದ ಟಾಂಗನ್ಯೀಕ ಸರೋವರದ ಕೆಲವು ಸಿಕ್ಲಿಡ್ ಮೀನುಗಳಲ್ಲಿ ಹಾಗೇ ಆಗಿದೆ. ಕೋಶಕೇಂದ್ರದ ಜೀನ್‌ಗಳು ಅಲ್ಲಿ ಬೇರೆಯೇ ಕತೆ ಹೇಳುತ್ತವೆ.

ಭಾಷಾವಿಜ್ಞಾನ ಓದಿದವಳಿಗೆ ಇದು ಹಳೆಯ ಪಾಠ. ಎರವಲು ಪದಗಳನ್ನಷ್ಟೇ ನೋಡಿ ಕನ್ನಡವನ್ನು ಸಂಸ್ಕೃತದ ಮಗಳು ಎಂದವರಿದ್ದರು.

ಮುಂದಿನ ಕರಡಿನಲ್ಲಿ ಆ ನಕ್ಷೆಯನ್ನು ‘ತಾಯಿಬಳ್ಳಿ’ ಎಂದು ಬರೆಯುತ್ತೇನೆ. ವಂಶವೃಕ್ಷ ಎನ್ನುವುದು ಕೋಶಕೇಂದ್ರವೂ ಸಾಕ್ಷಿ ನುಡಿದ ಮೇಲೆ.