ನೇತ್ರಾಣಿಯ ಹವಳ: ಏಪ್ರಿಲ್‌ನಲ್ಲೂ ಮುಳುಗಿ ನೋಡಬೇಕು

ಭಟ್ಕಳ ತಾಲ್ಲೂಕಿನ ಮಾವಳ್ಳಿ ಭಾಗದ ಮುರ್ಡೇಶ್ವರ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ಕರ್ನಾಟಕದ ಹವಳಗಳ ಮುಖ್ಯ ನೆಲೆ. ಬ್ರಿಟಿಷರ ನಕಾಶೆಗಳಲ್ಲಿ ಇದು ‘ಪಿಜನ್ ಐಲ್ಯಾಂಡ್’. ಲಕ್ಷದ್ವೀಪದಂತೆ ಹವಳವೇ ಕಟ್ಟಿದ ದ್ವೀಪ ಇದಲ್ಲ. ಕಡಿದಾದ ಕಲ್ಲುಗುಡ್ಡದ ಬುಡ ಸಮುದ್ರಕ್ಕೆ ಇಳಿಯುವಲ್ಲಿ, ನೀರಿನೊಳಗಿನ ಬಂಡೆಗಳ ಮೈಗೆ ಹವಳ ಅಂಟಿ ಬೆಳೆದಿದೆ. ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ದ್ವೀಪದ ದೈವ ಜಟ್ಟಿಗನಿಗೆ ಹರಕೆ ಹೊತ್ತ ಮೀನುಗಾರರು ಬಿಟ್ಟುಬಂದ ಆಡುಗಳ ಸಂತತಿ ಕಾಡಾಡಿಯಾಗಿ ಅಲೆಯುತ್ತದೆ.

ಹವಳ ದಡದ ಹತ್ತಿರ ಬಿಟ್ಟು ಅಷ್ಟು ದೂರದಲ್ಲಿ ಬೆಳೆಯಲು ಕಾರಣ ಬೆಳಕು. ಹವಳದ ಹುಳು ತನ್ನ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಯನ್ನು ಇಟ್ಟುಕೊಂಡಿರುತ್ತದೆ. ಪಾಚಿ ಬಿಸಿಲಿನಿಂದ ತಯಾರಿಸುವ ಆಹಾರದ ದೊಡ್ಡ ಪಾಲು ಹುಳುವಿನ ಹೊಟ್ಟೆಗೆ ಹೋಗುತ್ತದೆ, ಆ ಬಲದಲ್ಲಿ ಅದು ಸುಣ್ಣದ ಮನೆ ಕಟ್ಟುತ್ತದೆ. ಶರಾವತಿ, ಅಘನಾಶಿನಿ, ವೆಂಕಟಾಪುರ ಹೊಳೆಗಳು ಮಳೆಗಾಲದಲ್ಲಿ ಕೆಂಪು ನೀರು ತಂದು ಸುರಿಯುವ ಕರಾವಳಿಯಲ್ಲಿ ತಳಕ್ಕೆ ಬಿಸಿಲು ಮುಟ್ಟುವುದಿಲ್ಲ, ಬಂಡೆಯ ಮೇಲೆ ಹೂಳು ಕೂರುತ್ತದೆ. ನೇತ್ರಾಣಿಯ ಸುತ್ತ ನೀರು ತಿಳಿ. ಇಲ್ಲಿ ಹವಳದ ಜೊತೆ ಚಿಟ್ಟೆಮೀನು, ಗಿಳಿಮೀನು, ಹಾವುಮೀನುಗಳೂ ಬದುಕಿವೆ.

ಇವುಗಳ ಲೆಕ್ಕ ಹಿಡಿಯುವ ಕೆಲಸ ನಡೆದೇ ಇಲ್ಲ ಎನ್ನುವಂತಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೇತ್ರಾಣಿಯ ಹವಳ ಮತ್ತು ಅದರ ಸುತ್ತಲಿನ ಜೀವಿಗಳ ಸಮೀಕ್ಷೆಯನ್ನು 2008ರಲ್ಲಿ ಪ್ರಕಟಿಸಿದರು. ಕಾರವಾರದ ಕೋಡಿಬಾಗದಲ್ಲಿರುವ, ವಿಶ್ವವಿದ್ಯಾಲಯದ ಸಾಗರ ಜೀವವಿಜ್ಞಾನ ವಿಭಾಗವೂ ಈ ಕರಾವಳಿಯ ದ್ವೀಪಗಳ ಅಧ್ಯಯನ ನಡೆಸಿದೆ. ಇವು ಬೆಲೆಯುಳ್ಳ ಕೆಲಸಗಳು. ಆದರೆ ಒಂದು ಸಲದ ಸಮೀಕ್ಷೆ ಹೇಳುವುದು ಆ ದಿನ ಅಲ್ಲಿ ಏನಿತ್ತು ಎಂಬುದನ್ನು ಮಾತ್ರ. ಹವಳ ಹೆಚ್ಚುತ್ತಿದೆಯೋ ಸಾಯುತ್ತಿದೆಯೋ ತಿಳಿಯಲು ಅದೇ ಜಾಗಕ್ಕೆ, ಅದೇ ವಿಧಾನದಲ್ಲಿ, ವರ್ಷ ವರ್ಷವೂ ಇಳಿಯಬೇಕು.

ಆ ವಿಧಾನ ನೋಡಲು ಸರಳ. ಮುಳುಗುಗಾರರು ತಳದ ಮೇಲೆ ಅಳತೆಪಟ್ಟಿ ಹಾಸಿ, ಅದರ ಗುಂಟ ಈಜುತ್ತಾ, ಪಟ್ಟಿಯ ಕೆಳಗೆ ಸಿಕ್ಕಿದ್ದನ್ನೆಲ್ಲ ನೀರಿನಲ್ಲೂ ಅಳಿಯದ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಾರೆ: ಇಷ್ಟು ಸೆಂಟಿಮೀಟರ್ ಜೀವಂತ ಹವಳ, ಇಷ್ಟು ಸತ್ತ ಹವಳ, ಇಷ್ಟು ಪಾಚಿ, ಇಷ್ಟು ಮರಳು. ಪಟ್ಟಿಯ ಎರಡೂ ತುದಿಗೆ ಬಂಡೆಯಲ್ಲಿ ಗುರುತು ನೆಟ್ಟರೆ ಮುಂದಿನ ತಂಡ ಅದೇ ಗೆರೆಯ ಮೇಲೆ ಅಳೆಯಬಹುದು. ಇದಕ್ಕೆ ದೊಡ್ಡ ಹಡಗು ಬೇಡ. ಹೀಗೆ ಪಟ್ಟುಬಿಡದೆ ಅಳೆದ ಫಲ ಲಕ್ಷದ್ವೀಪದಲ್ಲಿ ಕಾಣುತ್ತದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರಿಂದ 24 ವರ್ಷ ಅಲ್ಲಿನ ಹವಳವನ್ನು ಹಿಂಬಾಲಿಸಿದರು. ಜೀವಂತ ಹವಳದ ಹರವು ಸುಮಾರು ಶೇ 37ರಿಂದ ಶೇ 20ರ ಆಸುಪಾಸಿಗೆ ಇಳಿದದ್ದು ಗೊತ್ತಾದದ್ದು ಹಾಗೆ. ನೇತ್ರಾಣಿಯ ಬಗ್ಗೆಯೂ ಇಂಥ ಒಂದು ವಾಕ್ಯ ಹೇಳಲು ಬರುವಂತಾಗಬೇಕು.

ವರ್ಷ ವರ್ಷವೂ ಅಳೆದರಷ್ಟೇ ಸಾಲದು; ಯಾವ ಋತುವಿನಲ್ಲಿ ಅಳೆಯುತ್ತೇವೆ ಎಂಬುದು ಇನ್ನೂ ಗಂಭೀರವಾದ ಸಮಸ್ಯೆ. ನೇತ್ರಾಣಿಯ ನೀರು ಅತಿ ತಿಳಿಯಾಗಿರುವುದು ಚಳಿಗಾಲದಲ್ಲಿ. ಪ್ರವಾಸಿಗರ ಸ್ಕೂಬಾ ಡೈವಿಂಗ್ ಕಳೆಗಟ್ಟುವುದೂ ಸಮೀಕ್ಷೆಗೆ ಹದವಾಗುವುದೂ ಆಗಲೇ. ಆದರೆ ಅರಬ್ಬಿ ಸಮುದ್ರದ ಮೇಲ್ಮೈ ಅತಿ ಹೆಚ್ಚು ಕಾಯುವುದು ಏಪ್ರಿಲ್–ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ. ಶಾಖ ತಾಳಲಾರದೆ ಹವಳ ತನ್ನ ಪಾಚಿಯನ್ನು ಹೊರದೂಡಿ ಬೆಳ್ಳಗಾಗುವುದು ಈ ಹೊತ್ತಿನಲ್ಲಿ. 1998, 2010, 2016ರ ಬಳಿಕ ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು 2024ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳ ವ್ಯಾಪಕವಾಗಿ ಬಿಳಿಚಿತು. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬಂದು ಚೇತರಿಸಿಕೊಳ್ಳಬಲ್ಲದು. ಮುಂಗಾರು ಬಂದಾಗ ಈ ಕರಾವಳಿಯಲ್ಲಿ ಆಳದ ತಂಪು ನೀರು ಮೇಲೇಳುತ್ತದೆ. ಅದು ನೇತ್ರಾಣಿಯ ಹವಳಕ್ಕೆ ಉಸಿರು ಕೊಡಬಹುದು. ಆಮ್ಲಜನಕ ಕಡಿಮೆ ಇರುವ ನೀರಾದ್ದರಿಂದ ಹೊಸ ಪೆಟ್ಟನ್ನೂ ಕೊಡಬಹುದು. ಡಿಸೆಂಬರಿನಲ್ಲಿ ಮಾತ್ರ ಇಳಿಯುವ ಸಮೀಕ್ಷೆಗೆ ಈ ನಾಟಕದ ಒಂದು ಅಂಕವೂ ಕಾಣುವುದಿಲ್ಲ. ಬಂಡೆಗೆ ಉಷ್ಣಮಾಪಕ ಕಟ್ಟಿಬಿಟ್ಟರೆ ಅದು ಮಳೆಗಾಲದಲ್ಲೂ ದಾಖಲೆ ಇಡುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದ ಮಾಹಿತಿಯಿಂದ ಬಿಳಿಚುವಿಕೆಯ ಮುನ್ನೆಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ನಿಜವಾಯಿತೇ ಎಂದು ನೀರಿಗಿಳಿದು ನೋಡುವ ತಂಡ ಮುರ್ಡೇಶ್ವರದಲ್ಲಿ ಸಿದ್ಧವಿರಬೇಕು.

ಕಾನೂನಿನ ಕೊರತೆ ಇಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದರೆ ಹುಲಿಗಿರುವ ರಕ್ಷಣೆ ಹವಳಕ್ಕೂ ಇದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೂ ಹವಳದ ನೆಲೆಗಳು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿವೆ. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿ ಕಡಲಧಾಮ ಸ್ವಾಗತಾರ್ಹ ಹೆಜ್ಜೆ. ಆದರೆ ಅದು ತೀರಕ್ಕೆ ಹತ್ತಿರದ ನೀರು, ನೇತ್ರಾಣಿ ಅದರಾಚೆಗಿದೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದಕ್ಕೆ ಮೀನುಗಾರರಿಂದಲೂ ಪರಿಸರ ಕಾರ್ಯಕರ್ತರಿಂದಲೂ ಬಂದ ಆಕ್ಷೇಪ ಹಳೆಯದು. ದೇಶದ ರಕ್ಷಣೆಗೆ ಅಭ್ಯಾಸ ಬೇಕು, ನಿಜ. ರಾಜ್ಯದ ಅತ್ಯಮೂಲ್ಯ ಹವಳದ ನೆಲೆಯೇ ಅದಕ್ಕೆ ಗುರಿಯಾಗಬೇಕಿಲ್ಲ.

ದಿನನಿತ್ಯದ ಹಾನಿ ಮಾತ್ರ ಸದ್ದಿಲ್ಲದೆ ಆಗುವಂಥದ್ದು. ದೋಣಿಯಿಂದ ಎಸೆದ ಲಂಗರು ಹವಳಕ್ಕೆ ಸಿಕ್ಕಿಕೊಂಡರೆ ಎಳೆಯುವಾಗ ಅದನ್ನು ಸಿಗಿದುಕೊಂಡೇ ಬರುತ್ತದೆ. ಪಶ್ಚಿಮ ಕರಾವಳಿಯ ಕಲಕು ನೀರಿಗೂ ಒಗ್ಗುವ ಪೊರೈಟಿಸ್ ಜಾತಿಯ ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೀಟರ್ ಎತ್ತರದ ಹವಳಕ್ಕೆ ನೂರು ವರ್ಷದ ಪ್ರಾಯ. ಬಂಡೆಗೆ ಸಿಕ್ಕಿ ತುಂಡಾದ ಬಲೆ ವರ್ಷಗಟ್ಟಲೆ ಅಲ್ಲೇ ಹೊಯ್ದಾಡುತ್ತಾ ಹವಳವನ್ನು ಉಜ್ಜುತ್ತದೆ.

ಇದಕ್ಕೆಲ್ಲ ಉಪಾಯ ಊರಿನಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ (2022) ಈ ನೀರಿನೊಳಗಿನ ಲೋಕವನ್ನು ನಾಡಿಗೆಲ್ಲ ತೋರಿಸಿತು, ಪ್ರವಾಸಿಗರೂ ಬರುತ್ತಲೇ ಇದ್ದಾರೆ. ದೋಣಿ ಕಟ್ಟಲು ತಳಕ್ಕೆ ಬಿಗಿದ ಶಾಶ್ವತ ತೇಲುಬುರುಡೆಗಳಿದ್ದರೆ ಲಂಗರು ಹಾಕುವ ಪ್ರಮೇಯವೇ ಬರುವುದಿಲ್ಲ. ಅವಕ್ಕಾಗುವ ಖರ್ಚನ್ನು ಡೈವಿಂಗ್ ಶುಲ್ಕದ ಒಂದು ಪಾಲಿನಿಂದ ತೆಗೆಯಬಹುದು. ಋತುವಿಡೀ ನೀರಿಗಿಳಿಯುವ ಡೈವಿಂಗ್ ತರಬೇತುದಾರರಿಗೂ, ಪ್ರವಾಹದ ದಿಕ್ಕನ್ನು ನೋಟದಲ್ಲೇ ಅಳೆಯಬಲ್ಲ ಮೀನುಗಾರ ಯುವಕರಿಗೂ ಅಳತೆಪಟ್ಟಿಯ ವಿಧಾನ ಕಲಿಸಿದರೆ ಕೋಡಿಬಾಗದ ಮತ್ತು ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ಏಪ್ರಿಲ್ ಕೊನೆಯ ಮಾಹಿತಿಯೂ ಸಿಗುತ್ತದೆ. ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಮೀನುಗಾರಿಕೆ ಇಲಾಖೆ ಸೇರಿ ಗುರುತು ನೆಟ್ಟ ಗೆರೆಗಳನ್ನು ಒಪ್ಪಿಕೊಳ್ಳಬೇಕು, ಅಳತೆಯ ಫಲವನ್ನು ಪ್ರತಿವರ್ಷ ಮುಂಗಾರಿಗೆ ಮುಂಚೆ ಕನ್ನಡದಲ್ಲಿ ಪ್ರಕಟಿಸಬೇಕು.